ನಿಂತ ಮರ ಮಾರುವ ಮುನ್ನ: ಯಾವ ದಾರಿಗೆ ಎಷ್ಟು ತೆರಿಗೆ?

ಮರ ನೋಡಲು ಬಂದ ವ್ಯಾಪಾರಿ ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಇದು ಕೃಷಿ ಆದಾಯ ಸಾರ್, ಒಂದು ರೂಪಾಯಿ ಟ್ಯಾಕ್ಸ್ ಇಲ್ಲ.’ ಪಟ್ಟಣದಲ್ಲಿರುವ ನೆಂಟರನ್ನು ಕೇಳಿದರೆ, ಲಕ್ಷಗಟ್ಟಲೆ ಬರುತ್ತಿದೆ, ಮೂವತ್ತು ಪರ್ಸೆಂಟ್ ಹೋಗುತ್ತೆ ಅಂತ ಹೆದರಿಸುತ್ತಾರೆ. ಇಬ್ಬರೂ ಸಿಗುವ ದುಡ್ಡನ್ನು ನೋಡಿದ್ದಾರೆ, ಮರವನ್ನು ನೋಡಿಲ್ಲ. ಆ ಮರ ಹೇಗೆ ಬೆಳೆಯಿತು, ಹೇಗೆ ಕಡಿಯುತ್ತೀರಿ, ಆ ವರ್ಷ ನಿಮಗೆ ಬೇರೆ ಆದಾಯ ಎಷ್ಟಿದೆ ಅನ್ನೋದರ ಮೇಲೆ ತೆರಿಗೆ ಶೂನ್ಯದಿಂದ ಲಕ್ಷದವರೆಗೂ ಬದಲಾಗುತ್ತದೆ. ಕರ್ನಾಟಕದಲ್ಲಿ ಸ್ವಂತ ಹಿಡುವಳಿಯ ಮರ ಮಾರಲು ಹೊರಟವರಿಗೆ ಈ ಹೋಲಿಕೆ.

ಮೊದಲೇ ಒಂದು ಮಾತು. ಇಲ್ಲಿ ಹೇಳುತ್ತಿರುವುದು ನಿಮ್ಮದೇ ಮರಗಳ ಬಗ್ಗೆ. ಮಲೆನಾಡಿನ ಸೊಪ್ಪಿನ ಬೆಟ್ಟ, ಕರಾವಳಿಯ ಕುಮ್ಕಿ, ಕೊಡಗಿನ ಬಾಣೆ ಜಮೀನುಗಳಲ್ಲಿ ಅನುಭೋಗದ ಹಕ್ಕು ಬೇರೆ, ಮರದ ಒಡೆತನ ಬೇರೆ. ಅಲ್ಲಿ ಮರ ಯಾರದ್ದು ಅಂತ ಇತ್ಯರ್ಥವಾಗದೆ ತೆರಿಗೆಯ ಮಾತಿಗೆ ಅರ್ಥವೇ ಇಲ್ಲ.

ನೆಟ್ಟದ್ದಾ, ತಾನಾಗಿ ಬಂದದ್ದಾ, ನೆರಳಿಗೆ ಅಂತ ಬಿಟ್ಟದ್ದಾ?

ಎಲ್ಲ ಪ್ರಶ್ನೆಗಳ ಬುಡ ಇದು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಸಂವಿಧಾನದಲ್ಲೇ ಆ ಅಧಿಕಾರ ರಾಜ್ಯಗಳಿಗೆ ಹೋಗಿದೆ. ಆದರೆ ಜಮೀನಿನಿಂದ ಬಂದದ್ದೆಲ್ಲ ಕೃಷಿ ಆದಾಯ ಆಗುವುದಿಲ್ಲ. ಈ ಗೆರೆ ಎಳೆದದ್ದು 1957ರ ಸುಪ್ರೀಂ ಕೋರ್ಟ್ ತೀರ್ಪು. ರಾಜಾ ಬಿನಯ್ ಕುಮಾರ್ ಸಹಸ್ ರಾಯ್ ಎಂಬ ಜಮೀನ್ದಾರರಿಗೆ ಸುಮಾರು 6,000 ಎಕರೆ ಸಾಲ್ ಮತ್ತು ಪಿಯಾಸಾಲ್ ಮರಗಳ ಕಾಡಿತ್ತು. ಕಾಡು ಹಳೆಯದು. ಆದರೆ ಮರ ಹೋಗಿ ಬೋಳಾದ ಕಡೆಯಲ್ಲೆಲ್ಲ ಮಾಲೀಕರು ಹೊಸ ಗಿಡ ಹಾಕಿ ಸಾಕಿದ್ದರು. ನೆಲ ಹದ ಮಾಡುವುದು, ಬೀಜ ಬಿತ್ತುವುದು, ಗಿಡ ನೆಡುವುದು, ಇವು ಮೂಲ ಕೆಲಸ. ಕಳೆ ತೆಗೆಯುವುದು, ಕೊಂಬೆ ಸವರುವುದು, ಕಾವಲು, ಕಟಾವು, ಇವು ನಂತರದ ಕೆಲಸ. ಮೂಲ ಕೆಲಸ ಮಾಡಿದ್ದರೆ ನಂತರದ್ದೂ ಸೇರಿ ಕೃಷಿ ಆಗುತ್ತದೆ. ಬರೀ ನಂತರದ ಕೆಲಸ ಮಾಡಿದರೆ ಆಗುವುದಿಲ್ಲ ಅಂತ ಕೋರ್ಟ್ ಹೇಳಿತು. ತಾನಾಗಿ ಬೆಳೆದ ಕಾಡಿನ ಮರ ಮಾರಿದ ಹಣ ಕೃಷಿ ಆದಾಯ ಅಲ್ಲ ಅಂತ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಕೋರ್ಟ್) 1948ರಲ್ಲೇ ಹೇಳಿತ್ತು.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಸೆಕ್ಷನ್ ನಂಬರುಗಳು ಬದಲಾದವು, ಈ ವಿಂಗಡಣೆ ಬದಲಾಗಲಿಲ್ಲ.

ಹಾಗಾಗಿ ನೀವೇ ಸಾಲು ಹಿಡಿದು ಹಾಕಿದ ತೇಗ, ಅಕೇಶಿಯಾ, ಹೆಬ್ಬೇವು ಕೃಷಿ ಆದಾಯ. ನೀಲಗಿರಿ ಕಡಿದ ಮೇಲೆ ಬುಡದಿಂದ ಚಿಗುರಿ ಬರುವ ಕೂಳೆ ಬೆಳೆಗೂ ಮೂಲ ನಾಟಿ ನಿಮ್ಮದೇ ಆದ್ದರಿಂದ ಅದೇ ವಾದ ನಿಲ್ಲುತ್ತದೆ. ತೋಟದ ಮೇಲಿನ ಗುಡ್ಡದಲ್ಲಿ ಹಕ್ಕಿ ಹಾಕಿದ ಬೀಜದಿಂದ ಎದ್ದ ನಂದಿ, ಮತ್ತಿ, ಹೊನ್ನೆ ಆ ಲೆಕ್ಕಕ್ಕೆ ಬರುವುದಿಲ್ಲ. ಐವತ್ತು ವರ್ಷ ಬೆಂಕಿ ಬೀಳದಂತೆ ಕಾದಿದ್ದೇವೆ ಅಂದರೂ ಅಷ್ಟೇ.

ಮೂರನೆಯದು ನೆರಳಿನ ಮರ. ಕಾಫಿ ತೋಟದವರಿಗೆ ಇದೇ ದೊಡ್ಡ ಪ್ರಶ್ನೆ. ಸಿಲ್ವರ್ ಓಕ್ ನಾವೇ ನೆಟ್ಟದ್ದು, ಹಾಗಾದರೆ ಕೃಷಿ ಆದಾಯ ತಾನೇ ಅನ್ನಿಸುತ್ತದೆ. ಅಷ್ಟು ಸರಳ ಇಲ್ಲ. ಕರೀಂತರುವಿ ಟೀ ಎಸ್ಟೇಟ್ ಎಂಬ ಕೇರಳದ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ನೋಡಿದ್ದು ಇದೇ ಜಾತಿಯ ಮರಗಳನ್ನು. ಚಹಾ ಗಿಡಕ್ಕೆ ನೆರಳಾಗಲಿ ಅಂತ ಬೆಳೆಸಿದ್ದವು. ವಯಸ್ಸಾಗಿ ಉಪಯೋಗ ಮುಗಿದ ಮೇಲೆ ಕಡಿದು ಮಾರಿದರು. ಆ ಮರಗಳು ಬೆಳೆಯಲ್ಲ, ತೋಟದ ಬಂಡವಾಳದ ಭಾಗ. ಹಾಗಾಗಿ ಬಂದ ಹಣ ಬಂಡವಾಳದ ಹಣ ಅಂತ ತೀರ್ಮಾನವಾಯಿತು. ಕಾಳುಮೆಣಸಿನ ಬಳ್ಳಿಗೂ ಆಗಲಿ, ಇಷ್ಟು ವರ್ಷಕ್ಕೆ ನಾಟಾ ಮಾಡಿ ಮಾರಲೂ ಆಗಲಿ ಅಂತ ಲೆಕ್ಕ ಹಾಕಿಯೇ ನೆಟ್ಟಿದ್ದರೆ ಕಥೆ ಬೇರೆ. ಆ ಉದ್ದೇಶ ಕಾಗದದಲ್ಲಿ ಕಾಣಬೇಕು.

ಬುಡ ಬಿಡುವುದಾ, ಬೇರು ಸಮೇತ ತೆಗೆಯುವುದಾ?

ತಾನಾಗಿ ಬೆಳೆದ ಮರ ಇದ್ದವರು ಓದಬೇಕಾದ ಭಾಗ ಇದು. ಮಾರಲೆಂದೇ ಮರ ನೆಟ್ಟವರು ದಾಟಿಕೊಂಡು ಮುಂದೆ ಹೋಗಬಹುದು.

ನೆಲಮಟ್ಟಕ್ಕೆ ಕಡಿದು, ಮತ್ತೆ ಚಿಗುರಲಿ ಅಂತ ಬುಡ ಬಿಟ್ಟರೆ ಆದಾಯದ ಮೂಲ ಉಳಿಯಿತು ಅಂತ ಅರ್ಥ. ಆಗ ಬಂದ ಹಣ ಸಾಮಾನ್ಯ ಆದಾಯ. ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ. ಬೇರು ಸಮೇತ ಕಿತ್ತು ಜಾಗ ಖಾಲಿ ಮಾಡಿದರೆ ಮೂಲವೇ ಹೋಯಿತು, ಅದು ಬಂಡವಾಳದ ಹಣ. ಸುಪ್ರೀಂ ಕೋರ್ಟಿನ 1970ರ ದಶಕದ ತೀರ್ಪುಗಳಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಬಂದಿದೆ.

ಬಂಡವಾಳದ ಹಣ ಅಂದಾಕ್ಷಣ ಬಂಡವಾಳ ಲಾಭದ ತೆರಿಗೆ ಎದ್ದು ಬರುತ್ತದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಆಸ್ತಿಗೆ ಈಗ 12.5%. 2024ರ ಜುಲೈ 23ಕ್ಕೆ ಮುಂಚೆ ಕೊಂಡದ್ದಕ್ಕೆ ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆ ಏರಿಸಿ ಲೆಕ್ಕ ಹಾಕುವುದು) ಸಮೇತ 20% ಆಯ್ದುಕೊಳ್ಳುವ ಸೌಲಭ್ಯ ಜಮೀನು, ಕಟ್ಟಡಗಳಿಗೆ ಮಾತ್ರ.

ಇಲ್ಲೊಂದು ತಿರುವು ಇದೆ, ಅದೂ ನಮ್ಮ ಬೆಂಗಳೂರಿನ ಊದುಬತ್ತಿ ವ್ಯಾಪಾರದಿಂದ ಬಂದದ್ದು. ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕೊಂಡ ಬೆಲೆ ಅನ್ನೋದನ್ನು ಕಲ್ಪಿಸಲೂ ಆಗದ ಆಸ್ತಿಗೆ ಲಾಭ ಎಷ್ಟು ಅಂತ ಲೆಕ್ಕ ಹಾಕಲು ದಾರಿ ಇಲ್ಲ. ಲೆಕ್ಕವೇ ಹಾಕಲಾಗದಿದ್ದರೆ ಬಂಡವಾಳ ಲಾಭದ ತೆರಿಗೆಯೂ ಇಲ್ಲ. ಆ ಪ್ರಕರಣ ಅಂಗಡಿಯ ಹೆಸರಿಗಿದ್ದ ಬೆಲೆಯ ಕುರಿತಾದದ್ದು. ಅದೇ ತರ್ಕವನ್ನು ತಾನಾಗಿ ಬೆಳೆದ ಮರಗಳಿಗೂ ಹಚ್ಚಿ ವಾದಿಸುತ್ತಾರೆ. ಆದರೆ ಜಮೀನು ಕೊಳ್ಳುವಾಗ ಮರಗಳಿಗೂ ಸೇರಿಸಿಯೇ ಬೆಲೆ ಕೊಟ್ಟಿದ್ದರೆ ಈ ವಾದ ಬಿದ್ದುಹೋಗುತ್ತದೆ. ಪಿತ್ರಾರ್ಜಿತ ಆಸ್ತಿಗೆ ಹಿಂದಿನ ಮಾಲೀಕರ ಬೆಲೆ ನಿಮ್ಮ ಬೆಲೆ ಆಗುತ್ತದೆ. 2001ರ ಏಪ್ರಿಲ್ 1ಕ್ಕೆ ಮುಂಚಿನದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ತೆಗೆದುಕೊಳ್ಳಬಹುದು. ನನ್ನ ಕೇಳಿದರೆ, ಹಳೇ ಮರಗಳಿರುವವರು ನೋಂದಾಯಿತ ಮೌಲ್ಯಮಾಪಕರಿಂದ 2001ರ ಬೆಲೆ ಹಾಕಿಸಿ ಲಾಭ ಇಳಿಸಿಕೊಳ್ಳುವುದೇ ವಾಸಿ. ತೆರಿಗೆಯೇ ಇಲ್ಲ ಅಂತ ಪಟ್ಟು ಹಿಡಿದರೆ ಮೇಲ್ಮನವಿಗಳಲ್ಲೇ ವರ್ಷಗಳು ಕಳೆಯುತ್ತವೆ.

ಆರು ಲಕ್ಷದ ಮರ, ಬೇರೆ ಬೇರೆ ಲೆಕ್ಕ

ಖರ್ಚೆಲ್ಲ ಕಳೆದು ಮರದಿಂದ ಆರು ಲಕ್ಷ ಉಳಿಯಿತು ಅನ್ನೋಣ. 2025-26ರ ಹೊಸ ಪದ್ಧತಿಯ ದರ ಹಿಡಿಯೋಣ: 4 ಲಕ್ಷದವರೆಗೆ ಇಲ್ಲ, ಅಲ್ಲಿಂದ ಪ್ರತಿ 4 ಲಕ್ಷಕ್ಕೆ 5, 10, 15, 20, 25, ಆಮೇಲೆ 30%. ಮೇಲೆ 4% ಸೆಸ್.

ಮೊದಲಿಗೆ ಸಂಬಳದವರು. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 14 ಲಕ್ಷ ಆದಾಯ, ಊರಲ್ಲಿ ಅಪ್ಪನ ಕಾಲದ ತೋಟ. ಮರ ಇಲ್ಲದಿದ್ದರೆ ತೆರಿಗೆ 90,000. ಈಗ ನೆಟ್ಟ ತೇಗದ ಆರು ಲಕ್ಷ ಬಂತು. ಕೃಷಿ ಆದಾಯ, ವಿನಾಯಿತಿ ಇದೆ. ಆದರೂ ತೆರಿಗೆ ಏರುತ್ತದೆ! ಕೃಷಿ ಆದಾಯ 5,000 ದಾಟಿ, ಬೇರೆ ಆದಾಯವೂ ಮೂಲ ಮಿತಿ (ತೆರಿಗೆ ಇಲ್ಲದ ಮೊದಲ 4 ಲಕ್ಷ) ದಾಟಿದರೆ ಎರಡನ್ನೂ ಕೂಡಿಸಿ ದರ ನೋಡುತ್ತಾರೆ. 20 ಲಕ್ಷಕ್ಕೆ ತೆರಿಗೆ 2 ಲಕ್ಷ. ಅದರಿಂದ, ಕೃಷಿ ಆದಾಯಕ್ಕೆ ಮೂಲ ಮಿತಿ ಸೇರಿಸಿ ಬರುವ 10 ಲಕ್ಷದ ತೆರಿಗೆ 40,000 ಕಳೆಯಬೇಕು. ಉಳಿದದ್ದು 1,60,000. ಅಂದರೆ ‘ತೆರಿಗೆ ಇಲ್ಲದ’ ಆರು ಲಕ್ಷಕ್ಕೆ 70,000 ಜಾಸ್ತಿ, ಸೆಸ್ ಸೇರಿ 72,800.

ಅದೇ ಹಣ ಬಂಡವಾಳ ಲಾಭ ಆಗಿದ್ದರೆ, ಕೊಂಡ ಬೆಲೆ ಸೊನ್ನೆ ಅಂತಲೇ ಹಿಡಿದರೂ, 78,000. ಸಾಮಾನ್ಯ ಆದಾಯ ಆಗಿದ್ದರೆ 1,14,400. ಕೃಷಿಗೂ ಬಂಡವಾಳಕ್ಕೂ ಬರೀ 5,200 ರೂಪಾಯಿ ವ್ಯತ್ಯಾಸ. 2001ರ ಬೆಲೆ ಅಂತ ಒಂದು ಲಕ್ಷ ಕಳೆದರೂ ಬಂಡವಾಳ ಲಾಭದ ತೆರಿಗೆ 65,000ಕ್ಕೆ ಇಳಿದು, ಕೃಷಿಗಿಂತ ಅಗ್ಗ ಆಗುತ್ತದೆ. ನೆರಳಿನ ಮರ ಮಾರಿದ ನೌಕರಸ್ಥರು ಹೇಗಾದರೂ ಕೃಷಿ ಆದಾಯ ಅಂತಲೇ ತೋರಿಸಬೇಕು ಅಂತ ಹಟ ಹಿಡಿಯುವುದರಲ್ಲಿ ಹುರುಳಿಲ್ಲ. ಬಂಡವಾಳ ಲಾಭ ಅಂತ ಒಪ್ಪಿಕೊಂಡು, ಮಾರಿದ ಹಣವನ್ನು ಮನೆಗೆ ತೊಡಗಿಸಿದರೆ ಷರತ್ತುಗಳಿಗೆ ಒಳಪಟ್ಟು ವಿನಾಯಿತಿಯೂ ಇದೆ.

ಇನ್ನು ತೋಟ ಬಿಟ್ಟರೆ ಬೇರೆ ಆದಾಯ ಇಲ್ಲದವರು. ನೆಟ್ಟ ಮರವಾದರೆ ತೆರಿಗೆ ಸೊನ್ನೆ, ಆರು ಲಕ್ಷವಿರಲಿ ಅರವತ್ತು ಲಕ್ಷವಿರಲಿ. ತಾನಾಗಿ ಬೆಳೆದ ಮರವನ್ನು ಬುಡ ಬಿಟ್ಟು ಕಡಿದರೆ ಸಾಮಾನ್ಯ ಆದಾಯ. ಅಲ್ಲೂ 12 ಲಕ್ಷದವರೆಗೆ ರಿಬೇಟ್ (ಲೆಕ್ಕ ಹಾಕಿದ ತೆರಿಗೆಯಲ್ಲಿ ಕೊಡುವ ಮಾಫಿ) ಇರುವುದರಿಂದ ಕಟ್ಟಬೇಕಾದ್ದು ಸೊನ್ನೆ. ಆದರೆ ಬೇರು ಸಮೇತ ತೆಗೆದು ಬಂಡವಾಳ ಲಾಭ ಅಂತ ಆದರೆ 4 ಲಕ್ಷ ಬಿಟ್ಟು ಉಳಿದ 2 ಲಕ್ಷಕ್ಕೆ 12.5%, ಸೆಸ್ ಸೇರಿ 26,000. ವಿಶೇಷ ದರದ ಲಾಭಕ್ಕೆ ಹೊಸ ಪದ್ಧತಿಯಲ್ಲಿ ರಿಬೇಟ್ ಸಿಗುವುದಿಲ್ಲ. ಸಂಬಳದವರಿಗೆ ಅನುಕೂಲವಾದದ್ದು ಇವರಿಗೆ ದುಬಾರಿ. ಇವರು ಬುಡ ಉಳಿಸಿ ಕಡಿಸುವುದೇ ಮೇಲು, ಗುಡ್ಡವೂ ಬೋಳಾಗುವುದಿಲ್ಲ.

ಎರಡು ಮೂರು ವರ್ಷಕ್ಕೆ ಹಂಚಿ ಕಡಿದರೆ ತೆರಿಗೆ ಉಳಿಯುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಯಾವಾಗಲೂ ಅಲ್ಲ. ಮೇಲಿನ 14 ಲಕ್ಷದವರು ತೇಗವನ್ನು ವರ್ಷಕ್ಕೆ ಮೂರು ಲಕ್ಷದಂತೆ ಎರಡು ವರ್ಷ ಮಾರಿದರೆ ಪ್ರತಿ ವರ್ಷ 35,000 ಏರುತ್ತದೆ. ಎರಡೂ ಸೇರಿ ಅದೇ 70,000. ಸ್ಲ್ಯಾಬ್‌ಗಳೆಲ್ಲ ಒಂದೇ ಅಗಲ ಇರುವುದರಿಂದ ಕೂಡುವ ಲೆಕ್ಕ, ಕಳೆಯುವ ಲೆಕ್ಕ ಒಟ್ಟೊಟ್ಟಿಗೆ ಏರುತ್ತವೆ.

ಬೇರೆ ಆದಾಯ 12 ಲಕ್ಷದೊಳಗೆ ಇರುವವರಿಗೆ ಮಾತ್ರ ಹಂಚುವುದರಲ್ಲಿ ನಿಜವಾದ ಲಾಭ. 8 ಲಕ್ಷ ಆದಾಯದವರಿಗೆ ನೆಟ್ಟ ಮರದಿಂದ ಒಂದೇ ವರ್ಷ 20 ಲಕ್ಷ ಬಂದರೆ ಲೆಕ್ಕದ ತೆರಿಗೆ 1,20,000. ಅದರಲ್ಲಿ 60,000 ರಿಬೇಟ್ ಹೋಗಿ, ಸೆಸ್ ಸೇರಿ 62,400 ಕಟ್ಟಬೇಕು. ಎರಡು ವರ್ಷಕ್ಕೆ ಹತ್ತು ಹತ್ತು ಲಕ್ಷ ಮಾಡಿದರೆ ರಿಬೇಟ್ ಎರಡು ಸಲ ಸಿಕ್ಕಿ ಒಟ್ಟು 20,800. ನಾಲ್ಕು ವರ್ಷಕ್ಕೆ ಐದು ಐದು ಲಕ್ಷ ಮಾಡಿದರೆ ಏನೂ ಇಲ್ಲ. ಜಮೀನಿನ ಜಂಟಿ ಖಾತೆಯಲ್ಲಿ ಅಣ್ಣ ತಮ್ಮಂದಿರಿಗೆ ನಿಜವಾದ ಪಾಲು ಇದ್ದರೂ ಇದೇ ಪರಿಣಾಮ. ಆದರೆ ವ್ಯಾಪಾರಿ ಅವರವರ ಪಾಲಿನ ಹಣವನ್ನು ಅವರವರ ಬ್ಯಾಂಕ್ ಖಾತೆಗೇ ಹಾಕಬೇಕು. ದೊಡ್ಡಣ್ಣನ ಖಾತೆಗೆ ಎಲ್ಲ ಬಂದು, ಹಬ್ಬಕ್ಕೆ ಸೇರಿದಾಗ ಹಂಚಿಕೊಂಡರೆ ವಿವರಣೆ ಕೊಡುವ ಕಷ್ಟ ದೊಡ್ಡಣ್ಣನದ್ದು.

ಗುತ್ತಿಗೆ, ಅಳತೆ, ಸ್ವಂತ ಕಟಾವು

ಮರವನ್ನು ನಿಂತಲ್ಲೇ ಇಡಿಯಾಗಿ ಗುತ್ತಿಗೆಗೆ ಕೊಡುವುದು ಸುಲಭ. ಒಂದು ಮೊತ್ತ, ಕೂಲಿ, ಲಾರಿ ಎಲ್ಲ ಅವರದ್ದು. ನೀವು ನೆಟ್ಟ ಮರವಾದರೆ ನಿಮ್ಮ ಕೈಗೆ ಬಂದದ್ದು ಕೃಷಿ ಆದಾಯವೇ. ವ್ಯಾಪಾರಿ ಕಡಿದು ಮಾಡುವ ಲಾಭ ಅವರ ವ್ಯಾಪಾರದ ಆದಾಯ; ಕೃಷಿ ಅಲ್ಲ. ಸಿಎಫ್‌ಟಿ (ಘನ ಅಡಿ) ಲೆಕ್ಕದಲ್ಲಿ ಅಥವಾ ಟನ್ ಲೆಕ್ಕದಲ್ಲಿ ಮಾರಿದರೂ ತೆರಿಗೆಯಲ್ಲಿ ವ್ಯತ್ಯಾಸ ಇಲ್ಲ. ಒಂದೇ ಒಂದು ಅನುಕೂಲ: ಅಳತೆಯ ಪಟ್ಟಿ ಜಾತಿವಾರು ಇರುತ್ತದೆ. ತೇಗ ಎಷ್ಟು, ಕಾಡುಮರ ಎಷ್ಟು ಅಂತ ಬೇರೆ ಬೇರೆ ತೋರಿಸಬಹುದು. ಎರಡೂ ಬೆರೆತ ತೋಟವನ್ನು ಇಡಿಯಾಗಿ ಒಂದು ಮೊತ್ತಕ್ಕೆ ಕೊಟ್ಟರೆ ಯಾವುದು ಕೃಷಿ, ಯಾವುದು ಅಲ್ಲ ಅಂತ ಬಿಡಿಸುವುದು ಆಮೇಲೆ ತಲೆನೋವು. ಬೆರಕೆ ತೋಟದವರಿಗೆ ಅಳತೆಯ ಮಾರಾಟವನ್ನೇ ಹೇಳುತ್ತೇನೆ.

ನೀವೇ ಕಡಿಸಿ ದಿಮ್ಮಿ ಮಾಡಿ ಮಾರಿದರೂ ಕೃಷಿಯೇ. ಮಾರುಕಟ್ಟೆಗೆ ಒಯ್ಯಲು ಬೆಳೆಗಾರರು ಸಾಮಾನ್ಯವಾಗಿ ಮಾಡುವ ಕೆಲಸ ಅದು. ಸಾಮಿಲ್ಲಿಗೆ ಹಾಕಿ ಹಲಗೆ, ರೀಪು ಕೊಯ್ಸಿ ಮಾರಿದರೆ ಆ ಗೆರೆ ದಾಟುತ್ತೀರಿ. ಆಗ ದಿಮ್ಮಿಯ ಮಾರುಕಟ್ಟೆ ಬೆಲೆಯಷ್ಟು ಕೃಷಿ, ಅದರ ಮೇಲಿನ ಲಾಭ ವ್ಯಾಪಾರದ ಆದಾಯ. ಹಲಗೆಯಲ್ಲಿ ಸಿಗುವ ಹೆಚ್ಚಿನ ದುಡ್ಡು ಆಸೆ ಹುಟ್ಟಿಸುತ್ತೆ ನಿಜ. ಲೆಕ್ಕಪತ್ರ, ಜಿಎಸ್‌ಟಿ ಎಲ್ಲ ಹಿಂದೆಯೇ ಬರುತ್ತವೆ. ಸ್ವಂತವಾಗಿ ಅಥವಾ ಕೂಲಿಯವರಿಂದ ಬೇಸಾಯ ಮಾಡಿದ ರೈತರು ಆ ಬೆಳೆಯ ಮಾರಾಟಕ್ಕೆ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಕೊಯ್ದ ಹಲಗೆಯ ವ್ಯಾಪಾರ ಶುರು ಮಾಡಿದರೆ ಆ ರಕ್ಷಣೆಯನ್ನು ನಂಬಿಕೊಂಡು ಕೂರಲಾಗದು.

ಮರದ ಮೇಲಿನ ಟಿಸಿಎಸ್ (ಮಾರಾಟದ ಹೊತ್ತಿಗೇ ವಸೂಲಿ ಮಾಡುವ ತೆರಿಗೆ) ಬಗ್ಗೆಯೂ ಗೊಂದಲ ಇದೆ. ಅದು 2025ರ ಏಪ್ರಿಲ್‌ನಿಂದ 2%. ಮಾರುವವರು ಕೊಳ್ಳುವವರಿಂದ ವಸೂಲಿ ಮಾಡುವಂಥದ್ದು. ಹಿಂದಿನ ವರ್ಷ ಒಂದು ಕೋಟಿಗಿಂತ ಜಾಸ್ತಿ ವ್ಯಾಪಾರದ ವಹಿವಾಟು ಇದ್ದ ವ್ಯಕ್ತಿಗೆ ಮಾತ್ರ ಈ ಹೊಣೆ. ಸಾಮಾನ್ಯ ಬೆಳೆಗಾರರಿಗೆ ಇಲ್ಲ. ‘ಟಿಸಿಎಸ್ ಹಿಡ್ಕೊಂಡಿದ್ದೀನಿ’ ಅಂತ ವ್ಯಾಪಾರಿ ನಿಮ್ಮ ದುಡ್ಡಲ್ಲಿ ಕಡಿತ ಮಾಡಿದರೆ ಒಪ್ಪಬೇಡಿ.

ಹಲವು ವರ್ಷ ಕಡಿಯುವ ಹಕ್ಕನ್ನೇ ಬರೆದುಕೊಡುವುದು ಇನ್ನೊಂದು ದಾರಿ, ನನಗೆ ಇಷ್ಟವಿಲ್ಲದ ದಾರಿ. ಕೂಡಲೇ ಕಡಿಯುವ ನಾಟಾ ಮರ ಕಾನೂನಿನ ಕಣ್ಣಲ್ಲಿ ಚರ ಸ್ವತ್ತು, ಮಾರಾಟದ ಕರಾರಿಗೆ ನೋಂದಣಿ ಬೇಡ. ಆದರೆ ಜಮೀನಿಗೆ ಬಂದು ಹೋಗಿ, ಮರ ಬೆಳೆದಂತೆ ವರ್ಷಗಟ್ಟಲೆ ಕಡಿಯುವ ಹಕ್ಕು ಸ್ಥಿರಾಸ್ತಿಯ ಹಕ್ಕು. 1958ರ ಶಾಂತಾಬಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇದ್ದದ್ದು ಇಂಥದ್ದೇ 12 ವರ್ಷದ ಹಕ್ಕು, ನೋಂದಣಿ ಆಗಿರಲಿಲ್ಲ. ಅದು ನಿಲ್ಲಲಿಲ್ಲ.

ಜಮೀನು ಸಮೇತ ಮಾರುವವರಿಗೆ ಲೆಕ್ಕ ಚಿಕ್ಕದು. ಗ್ರಾಮೀಣ ಕೃಷಿ ಜಮೀನು ಬಂಡವಾಳ ಆಸ್ತಿಯೇ ಅಲ್ಲ, ಲಾಭಕ್ಕೆ ತೆರಿಗೆ ಇಲ್ಲ. ಪುರಸಭೆ, ನಗರಸಭೆಗಳ ಗಡಿಯಿಂದ ಜನಸಂಖ್ಯೆಗೆ ತಕ್ಕಂತೆ 2, 6 ಅಥವಾ 8 ಕಿಲೋಮೀಟರ್ ನೇರ ದೂರದ ಆಚೆ ಇರಬೇಕು ಅಷ್ಟೇ. ಜಮೀನಿಗೆ ಒಂದು ಕರಾರು, ಮರಕ್ಕೆ ಇನ್ನೊಂದು ಅಂತ ಒಡೆದರೆ ಈ ಅನುಕೂಲ ಮರದ ಭಾಗಕ್ಕೆ ಸಿಗುತ್ತದೋ ಇಲ್ಲವೋ ಅನ್ನುವ ತಕರಾರು ಹುಟ್ಟುತ್ತದೆ. ಸುಮ್ನೆ ಒಡೆಯಬೇಡಿ.

ಕಾಗದ ಮತ್ತು ನಗದು

ನೆಟ್ಟದ್ದು ಅಂತ ಹೇಳಿದರೆ ಸಾಲದು, ತೋರಿಸಬೇಕು. ಪಹಣಿಯಲ್ಲಿ ಮರಗಳ ನಮೂದು ಇದೆಯಾ ನೋಡಿ. ಅರಣ್ಯ ಇಲಾಖೆಯ ನರ್ಸರಿಯಿಂದ ಸಸಿ ತಂದ ರಸೀದಿ, ಗುಂಡಿ ತೆಗೆಸಿದ ಕೂಲಿ ಲೆಕ್ಕ, ಗಿಡ ಚಿಕ್ಕದಿದ್ದಾಗಿನ ಫೋಟೋ, ಎಲ್ಲಕ್ಕೂ ಬೆಲೆ ಇದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ನೋಂದಾಯಿಸಿದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಡ. ಎಷ್ಟು ಸಸಿ ಬದುಕಿದೆ ಅಂತ ಇಲಾಖೆಯವರೇ ಬಂದು ಎಣಿಸಿ ಹಣ ಕೊಟ್ಟಿರುತ್ತಾರೆ.

ಕಡಿಯುವ ಅನುಮತಿಯ ಕಾಗದವೂ ಇಲ್ಲಿ ಕೆಲಸಕ್ಕೆ ಬರುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಒಪ್ಪಿಗೆ ಬೇಕು; ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರ, ರಬ್ಬರ್‌ನಂಥ ಕೆಲವು ಜಾತಿಗಳಿಗೆ ಬೇಡ. ಒಪ್ಪಿಗೆಯ ಅರ್ಜಿಯಲ್ಲಿ ‘ನೈಸರ್ಗಿಕವಾಗಿ ಬೆಳೆದ ಮರಗಳು’ ಅಂತ ಬರೆದು, ರಿಟರ್ನ್‌ನಲ್ಲಿ ಕೃಷಿ ಆದಾಯ ಅಂತ ತೋರಿಸಿದರೆ ನಿಮ್ಮ ಕಾಗದವೇ ನಿಮ್ಮ ವಿರುದ್ಧ ಮಾತಾಡುತ್ತದೆ. ಅರ್ಜಿ ಬರೆದುಕೊಡುವವರ ಕೈಗೆ ಬಿಡದೆ ಒಮ್ಮೆ ಓದಿ ಸಹಿ ಹಾಕಿ.

ನಗದಿನ ವಿಷಯದಲ್ಲಿ ವ್ಯಾಪಾರಿಗೂ ನಿಮಗೂ ಕಾನೂನು ಒಂದೇ ಥರ ಇಲ್ಲ. ಬೆಳೆಗಾರರಿಂದ ನೇರ ಕೊಳ್ಳುವಾಗ ಅವರಿಗೆ 10,000ದ ನಗದು ಮಿತಿಯಿಂದ ರಿಯಾಯಿತಿ ಇದೆ, ಹಾಗಾಗಿ ಕಂತೆ ಎಣಿಸಿ ಕೊಡಲು ಅವರು ತಯಾರು. ತೆಗೆದುಕೊಳ್ಳುವ ನಿಮಗೆ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಮುಟ್ಟುವಂತಿಲ್ಲ. ಮೂರು ದಿನ ಬಿಡಿಬಿಡಿಯಾಗಿ ತೆಗೆದುಕೊಂಡರೂ ಒಂದೇ ಮಾರಾಟವಾದರೆ ಕೂಡಿಸಿಯೇ ನೋಡುತ್ತಾರೆ. ದಂಡ ತೆಗೆದುಕೊಂಡವರಿಗೆ, ಅದೂ ತೆಗೆದುಕೊಂಡಷ್ಟೇ ಮೊತ್ತ. ಕೃಷಿ ಆದಾಯ ಅನ್ನೋದು ಇಲ್ಲಿ ಕಾಪಾಡುವುದಿಲ್ಲ. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ನಗದು ಬಿದ್ದರೆ ಬ್ಯಾಂಕಿನಿಂದ ಇಲಾಖೆಗೆ ವರದಿಯೂ ಹೋಗುತ್ತದೆ.

ರಿಟರ್ನ್ ಸಲ್ಲಿಸುವ ನೌಕರಸ್ಥರು ಆ ವರ್ಷ ಐಟಿಆರ್-1 ಎಂಬ ಸರಳ ಫಾರಂ ಮರೆತುಬಿಡಿ. ಕೃಷಿ ಆದಾಯ 5,000 ದಾಟಿದರೆ ಅದು ನಡೆಯುವುದಿಲ್ಲ, ಐಟಿಆರ್-2 ಬೇಕು. 5 ಲಕ್ಷ ದಾಟಿದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗೇಣಿಯೋ, ನೀರಾವರಿಯೋ ಮಳೆಯಾಶ್ರಯವೋ ಎಲ್ಲ ತುಂಬಬೇಕು. ಪಹಣಿ ಪಕ್ಕದಲ್ಲಿಟ್ಟುಕೊಂಡು ಕೂತರೆ ಹತ್ತು ನಿಮಿಷದ ಕೆಲಸ.